ಬಳಕೆಯಲ್ಲಿರಲಿಲ್ಲ

ಹತ್ತಕ್ಕೆ ಬಾಗಿಲು. ಒಂಬತ್ತೂಮುಕ್ಕಾಲಿಗೆಲ್ಲ ಔಸ್ಮಾ
ಮೂರನೆಯ ಕೋಣೆಯ ಮೂಲೆಯ ಕುರ್ಚಿಗೆ
ಮನೆಯಿಂದ ತಂದ ದಿಂಬು ಹಾಕಿ ಕೂರುತ್ತಾಳೆ.
ಮಡಿಲಲ್ಲಿ ಅರ್ಧ ಹೆಣೆದ ಉಣ್ಣೆಯ ಕಾಲುಚೀಲ.
ಗೋಡೆ ಆರಡಿ ದಪ್ಪ. ಹೊರಗೆ ಜೂನ್ ಬಂದ ಸುದ್ದಿ
ಒಳಗಿನ ಕಲ್ಲಿಗೆ ಇನ್ನೂ ಮುಟ್ಟಿಲ್ಲ.

ಲಾಟ್ವಿಯಾದ ಹೊಳೆಯೊಂದರ ತಿರುವಿನಲ್ಲಿ ನಿಂತ
ಈ ಕೋಟೆಯ ಚರಿತ್ರೆಯನ್ನು ಗಾಜಿನ ಮೇಲೆ
ನಾಲ್ಕು ಭಾಷೆಗಳಲ್ಲಿ ಬರೆದಿದ್ದಾರೆ:
ಬಿಳಿ ನಿಲುವಂಗಿಯ ಜರ್ಮನ್ ಯೋಧರು
ಒಂದು ಕೈಯಲ್ಲಿ ಶಿಲುಬೆ ಹಿಡಿದು ಇಲ್ಲಿ ಗೂಟ ಹೊಡೆದದ್ದು,
ಸುತ್ತಲ ಹಳ್ಳಿಗಳು ಕಲ್ಲು ಹೊತ್ತದ್ದು
(ಕಲ್ಲಿನ ಲೆಕ್ಕವಿದೆ, ಹೊತ್ತವರ ಹೆಸರಿಲ್ಲ),
ಆಮೇಲೆ ಪೋಲಿಷರು, ಆಮೇಲೆ ಸ್ವೀಡಿಷರು,
ಆಮೇಲೆ ಬೆಂಕಿ, ಅದಕ್ಕೆ ಯಾವ ದೇಶವೂ ಇಲ್ಲ,
ಆಮೇಲೊಬ್ಬ ಬ್ಯಾರನ್, ಅವನ ಬೇಟೆನಾಯಿಗಳು, ಅವನ ಸಾಲ.
ಒಂದು ಉಗ್ರಾಣ. ಒಂದು ಶಾಲೆ.
ಕೊನೆಗೆ, ಬಗ್ಗಿ ಓದಬೇಕಾದಷ್ಟು ಕೆಳಗೆ:
೧೯೪೬ರಿಂದ ೧೯೭೩, ಕಟ್ಟಡ ಬಳಕೆಯಲ್ಲಿರಲಿಲ್ಲ.

ಬಳಕೆಯಲ್ಲಿರದ ಆ ಕಟ್ಟಡದಲ್ಲಿ, ಇದೇ ಕೋಣೆಯಲ್ಲಿ,
ಈಗ ಶಿರಸ್ತ್ರಾಣದ ಗಾಜಿನ ಪೆಟ್ಟಿಗೆ ಇರುವಲ್ಲಿ
ಒಂದು ಕಬ್ಬಿಣದ ಮಂಚವಿತ್ತು.
ಐವತ್ತೆರಡರ ಫೆಬ್ರವರಿಯಲ್ಲಿ
ಔಸ್ಮಾ ಅದರ ಮೇಲೆ ಹುಟ್ಟಿದಳು.

ಯುದ್ಧ ಮನೆ ಕಿತ್ತುಕೊಂಡ ಹನ್ನೊಂದು ಸಂಸಾರ.
ಭೋಜನಶಾಲೆಗೆ ಹಲಗೆ ಹೊಡೆದು ಆರು ಪಾಲು.
ಹಲಗೆಯಾಚೆ ವಿಲ್ಹೆಲ್ಮಿನೆ ಕೆಮ್ಮಿದರೆ
ಈಚೆಯಿಂದ ಅಮ್ಮ ಓತಿಲ್ಯಾ,
"ಜೇನು ಮುಗೀತಾ? ಕಳಿಸಲಾ?"
ಬಾಣ ಬಿಡುವ ಕಿಂಡಿಯಲ್ಲಿ ಬೆಣ್ಣೆಯ ಗಡಿಗೆ.
ಅಣ್ಣ ತಾಲಿವಾಲ್ದಿಸ್ ಸೈಕಲ್ ಹೊತ್ತು
ಬುರುಜಿನ ಮೆಟ್ಟಿಲು ಹತ್ತುತ್ತಿದ್ದ, ಪ್ರತಿ ಸುತ್ತಿಗೂ ಒಂದು ಬೈಗುಳ.
ಶತ್ರುವಿನ ಕತ್ತಿ ನಡುಗಂಬಕ್ಕೆ ತಗಲಲೆಂದು
ಹಾಗೆ ಕಟ್ಟಿದ್ದಂತೆ.
ಸೈಕಲ್ಲೂ ತಗಲುತ್ತಿತ್ತು.

ಅವಳು ಹುಟ್ಟುವ ಮೊದಲು, ಒಂದು ನಸುಕಿನಲ್ಲಿ,
ಲಾರಿ ಬಂದು ನಾಲ್ಕನೆಯ ಪಾಲನ್ನು ಖಾಲಿ ಮಾಡಿತು.
ಒಲೆಯ ಮೇಲೆ ಗಂಜಿ ಇನ್ನೂ ಕುದಿಯುತ್ತಿತ್ತು.
ಮಧ್ಯಾಹ್ನದವರೆಗೆ ಯಾರೂ ಮುಟ್ಟಲಿಲ್ಲ.
ಸಂಜೆಗೆ ಮಕ್ಕಳು ಉಂಡರು.
ಇದನ್ನು ಅಮ್ಮ ಒಂದೇ ಸಲ ಹೇಳಿದ್ದು,
ಬೆನ್ನು ತಿರುಗಿಸಿ, ಪಾತ್ರೆ ತೊಳೆಯುತ್ತ.

ಆಮೇಲೆ ತಜ್ಞರು ಬಂದರು. ಹಲಗೆ ಕಿತ್ತರು,
ಬಣ್ಣ ಕೆರೆದರು, ಗಾರೆ ಕೆರೆದರು,
ಹದಿನಾಲ್ಕನೆಯ ಶತಮಾನ ಸಿಗುವವರೆಗೂ ಕೆರೆದರು.
ಕಿಟಕಿಯ ಮೇಲಿನ ಕರಿ ಮಾತ್ರ ಹೋಗಲಿಲ್ಲ.
ಕಲ್ಲಿನೊಳಕ್ಕೆ ಇಳಿದುಬಿಟ್ಟಿತ್ತು, ಬಾಲ ಮೇಲೆತ್ತಿದ ಬೆಕ್ಕಿನಂತೆ.
ಈಗ ಅದರ ಕೆಳಗೆ ಹಿತ್ತಾಳೆಯ ಪಟ್ಟಿ, ನಂಬರು ಹದಿನೇಳು:
ಮಧ್ಯಯುಗದ ಹೊಗೆಯ ಗುರುತು.

ಗುಂಡೆಗಾ, ಹೊಸ ನಿರ್ದೇಶಕಿ, ಒಳ್ಳೆಯ ಹುಡುಗಿ,
ಶಾಲೆಯ ಮಕ್ಕಳನ್ನು ಅದರ ಮುಂದೆ ನಿಲ್ಲಿಸುತ್ತಾಳೆ.
"ನೋಡಿ, ಏಳುನೂರು ವರ್ಷದ ಹೊಗೆ!"
ಮಕ್ಕಳು ಬಾಯಿ ತೆರೆದು ನೋಡುತ್ತಾರೆ.

ಔಸ್ಮಾಳ ಸೂಜಿ ಒಂದು ಹೊಲಿಗೆ ತಪ್ಪುತ್ತದೆ.

ಹಸಿ ಬರ್ಚ್ ಸೌದೆ ಅದು, ಹಂದಿಕೊಬ್ಬಿನಲ್ಲಿ ಹುರಿದ ಆಲೂಗಡ್ಡೆ;
ತಗಡಿನ ಕೊಳವೆ ಸೋರುತ್ತಿತ್ತು, ಅಪ್ಪ
ನಾಳೆ ಸರಿಮಾಡುತ್ತೇನೆ ಎನ್ನುತ್ತಲೇ ಇದ್ದ,
ಹತ್ತೊಂಬತ್ತು ವರ್ಷ.
ಹೇಳಬಹುದು. ಹೇಳಿದರೆ
ಗುಂಡೆಗಾ ನೊಂದುಕೊಂಡು ಪಟ್ಟಿ ತೆಗೆಸಿಯಾಳು,
ಮರುವಾರವೇ ಏಣಿ ಬಂದೀತು, ಸುಣ್ಣದ ಬಕೀಟು ಬಂದೀತು.
ಎಣಿಕೆ ತಪ್ಪಿದೆಯೆಂದಲ್ಲವೆ ಉಳಿದದ್ದು
ಅಮ್ಮನ ಅಡುಗೆ?

ಅವಳು ತುಟಿ ಬಿಗಿದು ತಪ್ಪಿದ ಹೊಲಿಗೆ ಎತ್ತಿಕೊಳ್ಳುತ್ತಾಳೆ.
ಒಬ್ಬ ಪುಟ್ಟ ಹುಡುಗ ಕಿಟಕಿಯ ಕಟ್ಟೆ ಹತ್ತಿ
ಗೋಡೆಗೆ ಮೂಗು ಹಚ್ಚಿ ಮೂಸುತ್ತಾನೆ.
ಮುಟ್ಟಬೇಡ ಎನ್ನುವುದು ಅವಳ ಕೆಲಸ.
ಅವಳು ಕೇಳುತ್ತಾಳೆ: "ಏನಾದರೂ ಬರ್ತಿದೆಯಾ?"

ಐದಕ್ಕೆ ದೀಪ ಆರಿಸಿ, ಶಿರಸ್ತ್ರಾಣವನ್ನು ಎಣಿಸಿ, ಒಂದು,
ಬೀಗ ಹಾಕುತ್ತಾಳೆ.
ದಿಂಬನ್ನು ಮಾತ್ರ ಕಂಕುಳಲ್ಲಿ ಇಟ್ಟುಕೊಂಡೇ ಹೊರಡುವುದು.
ಬಿಟ್ಟು ಹೋದರೆ
ಯಾರಾದರೂ ನಂಬರು ಹಚ್ಚಿಬಿಟ್ಟಾರು.