ಗಿಲಾಸಿನ ಮೇಲೆ ಗಿಲಾಸು

ಫಾರ್ಮಿನಲ್ಲಿ ಇಪ್ಪತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಮೂರು ಮನೆ:
ಇಲ್ಲವೇ ಇಲ್ಲ, ಒಮ್ಮೊಮ್ಮೆ, ಯಾವಾಗಲೂ.
ಸೊನ್ನೆ, ಒಂದು, ಎರಡು.
ಕೂಡಿದರೆ ಹದಿನೆಂಟು ದಾಟಬಾರದು; ದಾಟಿದ ಮಗು
ಮಂಗಳವಾರ ಕಲಬುರಗಿಯ ದೊಡ್ಡ ದವಾಖಾನೆಗೆ.
ಚಿಂಚೋಳಿಯಿಂದ ಈ ಊರಿಗೆ ದಿನಕ್ಕೊಂದೇ ಬಸ್ಸು.
ಅದರ ಡ್ರೈವರೂ ಈಗ ಬಯಲಲ್ಲೇ ನಿಲ್ಲಿಸುತ್ತಾನೆ,
ಗೋಡೆಗಳಿಂದ ದೂರ.

ಫಾರ್ಮಿನ ಕನ್ನಡ ಎಲ್ಲಿಂದಲೋ ಬಂದದ್ದು, ಇಸ್ತ್ರಿ ಮಾಡಿಸಿಕೊಂಡು.
‘ಘಟನೆಯ ನಂತರ ನಿನ್ನನ್ನು ದುಃಸ್ವಪ್ನಗಳು ಬಾಧಿಸುತ್ತಿವೆಯೇ?’
ಓದಿದರೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ.
ನಾನು ಆಳಂದದವಳು.
ಪ್ರಶ್ನೆಯ ಕೋಟು ಕಳಚಿ, ಕಾಲು ತೊಳೆಸಿ, ಮತ್ತೆ ಕೇಳುತ್ತೇನೆ:
‘ಕೆಟ್ಟ ಕನಸ ಬೀಳ್ತಾವೇನ ತಮ್ಮಾ?’
‘ನಿದ್ದಿ ಹತ್ತಿದ್ರ ಬೀಳ್ತಾವ್ರಿ’ ಎಂದ ಭೀಮಶಾ.
ಇದಕ್ಕೆ ಯಾವ ಮನೆ?

ಮಲಗುವ ಮುಂಚೆ ದಿನಾ ಅವನು
ದಿಂಬಿನ ಪಕ್ಕ ಶಹಾಬಾದಿ ಕಲ್ಲಿನ ಮೇಲೆ
ಒಂದು ಗಿಲಾಸು ಬೋರಲು ಹಾಕಿ
ಅದರ ಮೇಲೆ ಇನ್ನೊಂದು ಗಿಲಾಸು, ಅದರ ಮೇಲೆ ಚಮಚೆ.
ಭೂಮಿ ಮಿಸುಕಿದರೆ ಮೊದಲು ಚಮಚೆಗೆ ಗೊತ್ತಾಗುತ್ತದೆ,
ಆಮೇಲೆ ನಾಯಿಗೆ, ಆಮೇಲೆ ಅಜ್ಜಿಗೆ,
ಜಿಲ್ಲಾಡಳಿತಕ್ಕೆ ಮರುದಿನ.
‘ಯಾವಾಗಲೂ ಎಚ್ಚರದಿಂದಿರಬೇಕು ಅನ್ನಿಸುತ್ತದೆಯೇ?’
‘ಯಾರಾರ ಒಬ್ರು ಇರಬೇಕಲ್ರೀ.’
ಎರಡು ಅಂಕ.

‘ಘಟನೆ ಮುಗಿದ ಮೇಲೂ’ ಅಂತ ಶುರುವಾಗುವ ಪ್ರಶ್ನೆಗಳೇ ಐದು.
ತಾಂಡಾದ ತಾರಿಬಾಯಿ ಪೆನ್ಸಿಲ್ ಕಚ್ಚುತ್ತ ಕೇಳಿದಳು:
‘ಯಾವಾಗ ಮುಗೀತ್ರಿ?’

ನಿನ್ನೆ ಮುಂಜಾನೆ ಒಮ್ಮೆ ಧಡ್ ಅಂದಿತ್ತು.
ಅದಕ್ಕೂ ಮೊದಲು ಗುರುವಾರ, ಎರಡು ಸಲ.
ತೊಗರಿ ಹೂಬಿಟ್ಟ ಹೊಲ, ಮೇಲೆ ತಿಳಿ ಆಕಾಶ,
ಗುಡುಗು ಮಾತ್ರ ಕಾಲ ಕೆಳಗಿನಿಂದ.
ಗಣಿಯ ಮದ್ದು ಅಂದರು ಕೆಲವರು,
ಸುಣ್ಣದ ಕಲ್ಲಿನೊಳಗೆ ನೀರು ಇಳಿದದ್ದು ಅಂದರು ಕೆಲವರು,
ದೊಡ್ಡವರೆಲ್ಲ ಹೀಗೆ ಒಂದೊಂದು ಹೆಸರಿಟ್ಟು
ಟಿನ್ ಶೆಡ್ಡಿನಲ್ಲಿ ಮಗ್ಗುಲಾದರು.
ಮಕ್ಕಳು ಹೆಸರಿಡಲಿಲ್ಲ. ಬರೀ ಎಣಿಸುತ್ತಿದ್ದರು.

ಜೈನಾಬಿಯದು ಮಾತ್ರ ಸೊನ್ನೆ.
ಇಪ್ಪತ್ತಕ್ಕೆ ಇಪ್ಪತ್ತೂ ಇಲ್ಲವೇ ಇಲ್ಲ,
ಗೆರೆ ದಾಟದ ಗುರುತು.
‘ಭಾಳ ಧೈರ್ಯದ ಪೋರಿ ಅದಾಳ್ರಿ’ ಎಂದರು ಹೆಡ್ ಮಾಸ್ತರರು.
ಅವಳ ಬಲಗಾಲ ಹರಡಿನ ಸುತ್ತ ಬಳೆಯಂಥ ಕೆಂಪು ಗೀರು.
ಕೇಳಿದೆ.
ರಾತ್ರಿ ತಮ್ಮನ ಕಾಲಿಗೂ ತನ್ನ ಕಾಲಿಗೂ
ಓಢಣಿ ಕಟ್ಟಿಕೊಂಡು ಮಲಗುತ್ತಾಳಂತೆ.
‘ಓಡೋದಾದ್ರ ಕತ್ತಲದಾಗ ಯಾರ್ ಹುಡುಕ್ಬೇಕ್ರಿ ಅವಂಗ?’
ಜಡೆ ಹೆಣೆಯುವುದು ಹೇಳಿಕೊಟ್ಟ ಹಾಗೆ ಹೇಳಿದಳು.
ಓಢಣಿಗೆ ಫಾರ್ಮಿನಲ್ಲಿ ಮನೆಯಿಲ್ಲ.

ಮೂರನೇ ಪಿರಿಯಡ್ಡು, ಹನ್ನೊಂದನೇ ಪ್ರಶ್ನೆಯ ನಡುವೆ
ಬಂತು.
ಮೊದಲು ಸದ್ದು, ಹಗೇವಿನೊಳಗೆ ಯಾರೋ ಬಂಡೆ ಉರುಳಿಸಿದಂತೆ.
ಆಮೇಲೆ ಬೋರ್ಡು, ಕಿಟಕಿಯ ಸರಳು, ನನ್ನ ಹಲ್ಲು.
ಮೂವತ್ನಾಲ್ಕು ಮಕ್ಕಳು ಚೀರಲಿಲ್ಲ, ನೂಕಲಿಲ್ಲ,
ತೂತಿನಿಂದ ನೀರು ಇಳಿದ ಹಾಗೆ ಬಯಲಿಗೆ ಇಳಿದುಹೋದರು.
ಒಳಗೆ ಉಳಿದವಳು ನಾನು,
ಫಾರ್ಮುಗಳ ಕಟ್ಟು ಎದೆಗವಚಿಕೊಂಡು
ಬಿರುಕು ಬಿಟ್ಟ ತೊಲೆಯ ಸರೀ ಕೆಳಗೆ,
ಕಾಲು ಇವೆ ಅನ್ನುವುದೇ ಮರೆತು.

ಯಾರೋ ಬಂದು ಕೈ ಹಿಡಿದೆಳೆದರು.

ಬೇವಿನ ಗಿಡದ ಕೆಳಗೆ ಕೂರಿಸಿ ನೀರು ಕೊಟ್ಟಳು ಜೈನಾಬಿ.
ನನ್ನ ತೊಡೆಯ ಮೇಲಿನ ಕಟ್ಟಿನಿಂದ ಒಂದು ಖಾಲಿ ಫಾರ್ಮು ತೆಗೆದು,
ಪೆನ್ಸಿಲ್ಲಿನ ಮೊನೆ ನಾಲಿಗೆಗೆ ಒತ್ತಿ,
ಥೇಟ್ ನನ್ನದೇ ದನಿಯಲ್ಲಿ:
‘ಅಂಜಿಕಿ ಆಗ್ತದೇನ್ರಿ ಅಕ್ಕೋರೆ?
ಇಲ್ಲವೇ ಇಲ್ಲ, ಒಮ್ಮೊಮ್ಮೆ, ಯಾವಾಗಲೂ?’
‘ಇಲ್ಲವೇ ಇಲ್ಲ’ ಅಂದೆ.

ಅವಳು ನನ್ನ ಕೈಯೊಳಗಿನ ಗಿಲಾಸು ನೋಡಿದಳು.
ನೀರು ಇನ್ನೂ ತುಳುಕುತ್ತಿತ್ತು;
ಭೂಮಿ ಯಾವಾಗಲೋ ನಿಂತಿತ್ತು.

ಏನೂ ಬರೆಯಲಿಲ್ಲ.
ತಮ್ಮ ಎಲ್ಲಿದ್ದಾನೆ ಎಂದು ಒಮ್ಮೆ ತಿರುಗಿ ನೋಡಿ,
ಕಟ್ಟಿನೊಳಗೆ ಬೆರಳಾಡಿಸಿ ತನ್ನ ಫಾರ್ಮು ಹುಡುಕಿ ಹೊರಗೆಳೆದು,
ಸಣ್ಣಗೆ,
‘ರಬ್ಬರ್ ಅದ ಏನ್ರಿ?’