ಎಡಗಿವಿ

ಎಡಬದಿಯ ವೈಪರ್ ಓಡುವುದಿಲ್ಲ ಎಂದು ಸೆವ್ರಿನ್ ಹೇಳಿದ್ದು
ಕಲ್ಯಾಣಪುರದ ಸೇತುವೆ ದಾಟಿದ ಮೇಲೆ.
"ನಿನಗೆ ನೋಡ್ಲಿಕ್ಕೆ ಎಂತ ಉಂಟು,
ಬಿಡುವವಳು ನಾನಲ್ವಾ ಮಾರಾಯ್ತಿ."

ಅರವತ್ತೊಂದಕ್ಕೆ ಲೈಸೆನ್ಸ್ ತೆಗೆದವಳು.
ಮೂರು ಕೈ ದಾಟಿ ಬಂದ ಆಲ್ಟೊ.
ಆಟಿಯ ಶನಿವಾರ, ರೆಡ್ ಅಲರ್ಟ್.
ಮನೆಯಲ್ಲಿ ಕೂತರೆ ಬಟ್ಟೆ ಒಣಗುತ್ತದಾ, ಅಂದಳು.
ಹೊರಟೆವು.

ನನ್ನ ಬದಿಯ ಗಾಜಿನಲ್ಲಿ ಬ್ರಹ್ಮಾವರ
ಬಚ್ಚಲಲ್ಲಿ ಬಿಟ್ಟ ಹಸಿರು ಸಾಬೂನು.
ಮಾಬುಕಳದಲ್ಲಿ ಸೀತೆ ಕೆಂಪಾಗಿ
ತೆಂಗಿನ ಬುಡಗಳ ಲೆಕ್ಕ ತೆಗೆಯುತ್ತಿದ್ದಳು.
ಎಕ್ಸ್‌ಪ್ರೆಸ್ ಬಸ್ಸೊಂದು ಕೊಡ ನೀರು ಎರಚಿ ಓಡಿತು;
ಹಾರ್ನು ಮಾತ್ರ ಕೋಟದವರೆಗೂ
ನಮ್ಮ ಕಾರಿನೊಳಗೇ ಉಳಿಯಿತು.

ನಾನು ಮಾತಾಡುತ್ತಿದ್ದೆ. ಅವಳು ಹೂಂಗುಟ್ಟಲಿಲ್ಲ.
ಮರೆತಿದ್ದೆ.
ಟ್ರಂಕ್ ಬೋರ್ಡಿನಲ್ಲಿ ಹದಿನಾರು ವರ್ಷ
ಹೆಡ್‌ಸೆಟ್ ಒತ್ತಿದ ಕಿವಿ ಅದು.
ಊರಿನ ಹೆರಿಗೆ, ಸಾವು, ವೀಸಾ, ವರದಕ್ಷಿಣೆ
ತುಳಿದು ತುಳಿದು ಸವೆದ ಹೊಸ್ತಿಲು.
ಈಗ ಒಳಗೆ ಯಾರೂ ಇಲ್ಲ.
ಪಕ್ಕದ ಸೀಟಿನವರ ಮಾತೆಲ್ಲ
ಬಾಗಿಲು ತಟ್ಟಿ ವಾಪಸು ಬರುತ್ತದೆ.

ಕುಂದಾಪುರದ ಸೇತುವೆಯ ಕೆಳಗೆ
ಐದು ಹೊಳೆಗಳು ಒಂದೇ ಬಾಯಲ್ಲಿ
ಕಡಲಿಗೆ ಏನೋ ಹೇಳಲು ನುಗ್ಗುತ್ತಿದ್ದವು.
ದಡಕ್ಕೆಳೆದ ದೋಣಿಗಳು ಮಡಲು ಹೊದ್ದು
ಕೇಳಿಸಿಕೊಳ್ಳದವರಂತೆ ಮಲಗಿದ್ದವು.

ಮರವಂತೆ.
ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ,
ಇಬ್ಬರ ಜಗಳ ಬಿಡಿಸಲು ನಡುವೆ ನಿಂತ ರಸ್ತೆ.
ಅಲೆ ಬಂಡೆಗೆ ಬಡಿದು ಎದ್ದು
ಒಂದು ಕ್ಷಣ ಮೇಲೆಯೇ ಯೋಚಿಸಿ
ಕಾರಿನ ತಲೆಯ ಮೇಲೆ ಕೂತಿತು.
ಸೆವ್ರಿನ್ ಇಂಜಿನ್ ಆಫ್ ಮಾಡಿದಳು.

ಆಗ ಹೇಳಿದೆ.
ಗಾಜಿಗೆ, ಉಪ್ಪಿಗೆ, ಆ ಎಡಗಿವಿಗೆ:
ಮೂಕರ್ಜಿ ಬರೆದದ್ದು ನಾನು.
ಮಗಳಿಗೆ ಆಗ ಎಂಟು ತಿಂಗಳು.
ಬೈಂದೂರಿಗೆ ಹೋಗಬೇಕಾದವರು ಇಬ್ಬರಲ್ಲಿ ಒಬ್ಬರು.
ನೀನು ಗಲ್ಫಿನ ಕಾಲು ಮೂರು ನಿಮಿಷಕ್ಕೆ ಕತ್ತರಿಸುವುದಿಲ್ಲ,
ಅಳುವ ಹೆಂಗಸರಿಗೆ ಲೈನು ಬಿಟ್ಟುಕೊಡುತ್ತೀ
ಅಂತ ಬರೆದೆ.
ಸುಳ್ಳು ಬರೆಯಲಿಲ್ಲ ಸೆವ್ರಿನ್.
ಸುಳ್ಳಾದರೂ ಆಗಿದ್ದರೆ
ಇಷ್ಟು ಹೊತ್ತಿಗೆ ಜೀರ್ಣವಾಗುತ್ತಿತ್ತು.

ಅವಳು ನದಿಯ ಕಡೆ ನೋಡುತ್ತಿದ್ದಳು.
"ಕುದ್ರುವಿನಿಂದ ದೋಣಿ ಬರ್ತಾ ಉಂಟು," ಅಂದಳು,
"ಈ ಮಳೆಗೂ."
ಆಮೇಲೆ, ಕೇಳದಿದ್ದರೂ:
"ಮೂರು ವರ್ಷ. ಏಳೂಕಾಲಿನ ಬಸ್ಸು.
ಒಂದು ದಿನ ಇಲ್ಲಿಯೇ
ಅಲೆ ಕಿಟಕಿಯಿಂದ ಬಂದು ಮಡಿಲಲ್ಲಿ ಕೂತಿತು.
ಊಟದ ಡಬ್ಬಿ ತುಂಬ ಹೊಯಿಗೆ.
ನಾನು ನಗಾಡಿದ್ದೇ ನಗಾಡಿದ್ದು.
ಕಂಡಕ್ಟರ್ ಹೆದರಿಬಿಟ್ಟ."

ತ್ರಾಸಿಯ ಚಾದಂಗಡಿಯವನು
ತಗಡಿನಡಿಯಿಂದ ತಲೆ ಹಾಕಿದ:
"ಹೋಯ್, ಈ ಮಳಿಗ್ ಎಲ್ ಹೊರ್ಟ್ರಿ?"
ಬೋರ್ಡಿನಲ್ಲಿ ಸುಣ್ಣದ ಕಡ್ಡಿಯ ಅಕ್ಷರ, ಬಿಸಿ ಗೋಳಿಬಜೆ.
ನೀರು ಇಳಿದು ಬಿಸಿ ಹೋಗಿತ್ತು, ಗೋ ಅರ್ಧ ಹೋಗಿತ್ತು,
ಳ ಮಾತ್ರ ಉಳಿದಿತ್ತು, ಉದ್ದಕ್ಕೆ ಬಾಲ ಎಳೆದುಕೊಂಡು.

"ನಿನ್ನ ಳದ ಹಾಗೇ ಉಂಟು ನೋಡು ವಾರಿಜಾ,"
ಅಂದಳು ಸೆವ್ರಿನ್.
"ಆಗಲೂ ಹೀಗೇ ಇತ್ತು."
ಗೋಳಿಬಜೆ ಮುರಿದಳು. ಹಬೆ ಬಂತು.
ದೊಡ್ಡ ಭಾಗ ಯಾವುದೆಂದು ನೋಡದೆ
ಒಂದನ್ನು ನನ್ನ ಪ್ಲೇಟಿಗೆ ಹಾಕಿದಳು.

ಎಂದಿನಿಂದ ಗೊತ್ತು ಎಂದು ನಾನು ಕೇಳಲಿಲ್ಲ.
ಚಟ್ನಿಗೆ ಖಾರ ಜಾಸ್ತಿಯಿತ್ತು;
ಕಣ್ಣಿಗೆ ಅಷ್ಟು ನೆಪ ಸಾಕು.

ವಾಪಸು ಬರುವಾಗ ಕಡಲು ಅವಳ ಬದಿಗೆ,
ಕೇಳುವ ಕಿವಿಯ ಬದಿಗೆ.
ನನ್ನ ಬದಿಗೆ ಬರೀ ಹೊಳೆ,
ಒರೆಸದ ಗಾಜು.
ಹೆಮ್ಮಾಡಿಯ ಹತ್ತಿರ ಸೆವ್ರಿನ್ ಕಾರು ನಿಲ್ಲಿಸಿ,
ಕೊಡೆ ಬಿಡಿಸದೆ ಇಳಿದು,
ಸೆರಗಿನಿಂದ ನನ್ನ ಮುಂದಿನ ಗಾಜು ಒರೆಸಿದಳು.
ಮಳೆ ಅದನ್ನು ಕೂಡಲೇ ಮತ್ತೆ ತುಂಬಿತು.
ಒಳಗೆ ಬಂದು, ತಲೆ ಕೊಡವಿ,
"ಈಗ ಕಾಣ್ತದಾ?" ಅಂದಳು.

ಕಾಣ್ತದೆ, ಅಂದೆ.
ಸ್ವಲ್ಪ ಗಟ್ಟಿಯಾಗಿ.