ಬಿಂದುವಿನ ಬಲಗಡೆ

ಇಲ್ಲಿ ಮರಕ್ಕೊಂದು ಅಂಕಿ.
ತೊಗಟೆ ಸುಲಿದ ವರ್ಷದ ಕೊನೆಯ ಅಂಕಿ,
ಬಿಳಿ ಬಣ್ಣದಲ್ಲಿ, ಎದೆಮಟ್ಟಕ್ಕೆ.
ಆರು ಎಂದರೆ ಆರರಲ್ಲಿ ಸುಲಿದದ್ದು,
ಮುಂದಿನ ಐದರ ತನಕ ಕೊಡಲಿ ತಾಗಿಸುವ ಹಾಗಿಲ್ಲ.
ಒಂಬತ್ತು ವರ್ಷ. ಇದು ಅಲೆಂತೆಜುವಿನ ಕಾನೂನು,
ನಮ್ಮಪ್ಪನ ಕಾನೂನೂ ಹೌದು.
ನಲವತ್ತೊಂದು ಬೇಸಿಗೆ ಈ ಅಂಕಿಗಳನ್ನು ಓದಿದವನು ನಾನು.
ಬಿಂದು ಇರುವ ಅಂಕಿ ಓದಲು ಕಲಿತದ್ದು ಮಾತ್ರ
ಅರವತ್ತಾರು ದಾಟಿದ ಮೇಲೆ.

ಎವೊರಾದ ಆಸ್ಪತ್ರೆಯಲ್ಲಿ ಗ್ರಂಥಿ ತೆಗೆದರು.
ಅಕ್ರೋಟಿನಷ್ಟಿತ್ತು, ಎಂದಳು ಡಾಕ್ಟರ್ ಫಿಲೊಮೆನಾ,
ಅಂಚು ಶುದ್ಧವಾಗಿದೆ, ಎಂದಳು.
ಅಂಚಿನ ಮಾತು ನನಗೆ ಗೊತ್ತು.
ಕೊಡಲಿ ಒಂದು ಕೂದಲೆಳೆ ಒಳಗೆ ಹೋಯಿತೋ,
ಮರದ ತಾಯಿಪೊರೆ ಸೀಳುತ್ತೆ,
ಆ ಜಾಗ ಮತ್ತೆಂದೂ ತೊಗಟೆ ಕಟ್ಟುವುದಿಲ್ಲ.
ಒಂದು ಕೂದಲೆಳೆ ಹೊರಗೆ ನಿಂತಿತೋ,
ಬಿಡಿಸಬೇಕಾದ್ದು ಅಲ್ಲೇ ಉಳಿಯುತ್ತೆ.
ಅವಳ ಕೈ ನೋಡಿದೆ. ಸಣ್ಣ ಕೈ. ನಂಬಿದೆ.

ಆಮೇಲೆ ಪ್ಯಾಡುಗಳ ತಿಂಗಳುಗಳು.
ಕೆಮ್ಮಿದರೆ ಒದ್ದೆ, ನಕ್ಕರೆ ಒದ್ದೆ.
ಜೊತೆಯವರ ಪೋಲಿ ಜೋಕಿಗೆ ನಗದೆ
ಗಂಟುಮೋರೆಯವನೆಂದು ಹೆಸರು ಪಡೆದೆ.
ಹಾಸಿಗೆಯ ವಿಷಯ ದೆಯೊಲಿಂದಾ ಎತ್ತಲಿಲ್ಲ, ನಾನೂ.
ಒಂದು ರಾತ್ರಿ ನನ್ನ ಅಂಗೈಯ ಜಡ್ಡನ್ನು ಉಗುರಿನಿಂದ ಕೆರೆಯುತ್ತ
"ಇದನ್ನಂತೂ ಯಾರೂ ತೆಗೆದಿಲ್ಲವಲ್ಲ" ಎಂದಳು.

ಪಿಎಸ್‌ಎ ಪರೀಕ್ಷೆಯ ಮೊದಲ ಚೀಟಿ:
ಅಳತೆಗೆ ಸಿಗುವುದಿಲ್ಲ.
ಇಷ್ಟು ಚಂದದ ಮಾತು ನನ್ನ ಬಗ್ಗೆ ಯಾರೂ ಬರೆದಿರಲಿಲ್ಲ.
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆವು.
ಭಾನುವಾರ ಬಾಟಲಿ ತೆರೆದು, ಬಿರಡೆ ಮೂಸಿ,
ಯಾವ ಗುಡ್ಡದ ಮರವೋ ಇದು ಎಂದುಕೊಂಡೆ.

ಎರಡನೆಯ ಚೀಟಿಯೂ ಹಾಗೇ. ಮೂರನೆಯದೂ.
ನಾಲ್ಕನೆಯದರಲ್ಲಿ ಸೊನ್ನೆ, ಬಿಂದು, ಸೊನ್ನೆ, ಆರು.
ಐದನೆಯದರಲ್ಲಿ ಸೊನ್ನೆ, ಬಿಂದು, ಒಂದು, ಮೂರು.
ಸೊನ್ನೆಯ ಪಕ್ಕ ಇರುವೆಯಂಥ ಚುಕ್ಕೆ,
ಅದರ ಬಲಗಡೆ ಬಿಡಾರ ಹೂಡಿದ್ದಾರೆ ಯಾರೋ.

"ಇದೇನು ದೊಡ್ಡದಲ್ಲ ಬಿಡಿ" ಎಂದ ಔಷಧಿ ಅಂಗಡಿಯ ಹುಡುಗ,
"ಇದರ ಐದಾರು ಪಟ್ಟು ನನಗೇ ಇದ್ದೀತು."
ಇದ್ದೀತು ಮಗೂ, ನಿನಗೆ ಗ್ರಂಥಿಯೂ ಇದೆ.
ಮನೆ ಕೆಡವಿ ನೆಲ ಸಾರಿಸಿದ ಜಾಗದಲ್ಲಿ
ಸಂಜೆ ಹೊಗೆ ಏಳುತ್ತಿದ್ದರೆ
ಒಲೆ ಹಚ್ಚಿದವರು ಯಾರು ಅಂತ ಕೇಳಬೇಕಲ್ಲ?

ಮೂರು ತಿಂಗಳು ಕಾಯೋಣ ಎಂದಳು ಫಿಲೊಮೆನಾ.
ಒಂಬತ್ತು ವರ್ಷ ಕಾಯುವವನಿಗೆ ಮೂರು ತಿಂಗಳು ಯಾವ ಲೆಕ್ಕ
ಎಂದು ಜಂಬ ಕೊಚ್ಚಿ ಎದ್ದು ಬಂದೆ.
ಸುಳ್ಳು. ಮರದ ಕೆಳಗೆ ಕಾಯುವುದೇ ಬೇರೆ,
ಅಲ್ಲಿ ಬೆಳೆಯಲಿ ಎಂದು ಕಾಯುತ್ತೇವೆ.

ಜೂನ್ ಬಂತು, ತಂಡ ಗುಡ್ಡಕ್ಕೆ ಇಳಿಯಿತು.
ನನಗೆ ಕೊಡಲಿ ಬೇಡವೆಂದು ಕುಂಚ, ಡಬ್ಬಿ ಕೊಟ್ಟರು.
ಸುಲಿದ ಮರಕ್ಕೆ ಹಸಿ ಇಟ್ಟಿಗೆಯ ಬಣ್ಣ, ಮುಟ್ಟಿದರೆ ತಂಪು.
ಹಿಂದಿನಿಂದ ಬಿಚ್ಚಿಕೊಳ್ಳುವ ಆಸ್ಪತ್ರೆಯ ಗೌನು ನೆನಪಾಗಿ
ಆ ಕಡೆ ನೋಡದೆ ಬರೆಯುತ್ತೇನೆ ಕೆಲವೊಮ್ಮೆ.
ಎಲಿಜಿಯು ಕೊಡಲಿ ಊರಿ, ಹಿಡಿ ತಿರುಚಿ, ಕಿವಿಗೊಡುತ್ತಾನೆ.
ಟೊಳ್ಳು ಸದ್ದಾದರೆ ತೊಗಟೆ ಬಂದೀತು,
ಒಣ ಸದ್ದಾದರೆ ಹಠ ಮಾಡಬಾರದು.
"ಸರಿಯಾ ಮೇಸ್ತ್ರಿ?"
ಸರಿ ಕಣೋ, ಎಳಿ.

ಮಧ್ಯಾಹ್ನ ಫೋನು ನಡುಗಿತು ಜೇಬಿನಲ್ಲಿ.
ಸೊನ್ನೆ, ಬಿಂದು, ಎರಡು, ಒಂದು.
ಸೋಮವಾರದಿಂದ ವಿಕಿರಣ, ಮೂವತ್ತಮೂರು ಸಲ,
ಆರೂವರೆಯ ಬಸ್ಸು, ಹೊಟ್ಟೆಯಲ್ಲಿ ನೀರು ತುಂಬಿಕೊಂಡು.
ಆಗಲಿ ಎಂದೆ. ಬೇರೆ ಏನೂ ತೋಚಲಿಲ್ಲ.

ಎದುರಿನ ಮರ ಕಾಯುತ್ತಿತ್ತು. ಕುಂಚ ಅದ್ದಿ ಐದು ಬರೆದೆ.
ಮುಂದಿನ ನಾಲ್ಕಕ್ಕೆ ನನಗೆ ಎಪ್ಪತ್ತೇಳು.
ಬರೆದು ಕೈ ತೆಗೆಯುವಾಗ ಸಿಡಿಯಿತು ಒಂದು ಹನಿ,
ಐದರ ಎಡಕ್ಕೆ, ಸರಿಯಾಗಿ ಬುಡದಲ್ಲಿ.
ಒರೆಸಿದೆ, ಇನ್ನಷ್ಟು ಹರಡಿತು.
"ಮೇಸ್ತ್ರಿ, ಮರಕ್ಕೆ ಅರ್ಧವೇ ವರ್ಷ ಕೊಟ್ಟಿರಲ್ಲ!" ಎಂದು
ಎಲಿಜಿಯು ನಕ್ಕ. ಅವನಿಗೇನು ಗೊತ್ತು.
ನಾನೂ ನಕ್ಕೆ, ಹೊಟ್ಟೆ ಹಿಡಿದುಕೊಂಡು,
ಒದ್ದೆಯಾದರೆ ಆಗಲಿ ಎಂದು.